ಸಕ್ಕರೆ ಕಾಯಿಲೆ: ಸಿಲಿಂಡರ್ ಬೇಡ, ಗೊರಕೆ ಗಮನಿಸಿ

‘ಡಾಕ್ಟ್ರೇ, ಒತ್ತಡದ ಕೋಣೆಯಲ್ಲಿ ಕುಳಿತು ಆಮ್ಲಜನಕ ಸೇವಿಸಿದರೆ ಸಕ್ಕರೆ ಇಳಿಯುತ್ತದಂತೆ, ನಿಜವೇ?’ ಮೈತೂಕ ಹೆಚ್ಚಿರುವ ಮಧುಮೇಹಿಗಳು ಆಗಾಗ ಕೇಳುವ ಪ್ರಶ್ನೆ ಇದು.

ಮಾತು ಪೂರ್ತಿ ಸುಳ್ಳಲ್ಲ. ವಾತಾವರಣಕ್ಕಿಂತ ಎರಡು, ಎರಡೂವರೆ ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಕೊಡುವ ಈ ಚಿಕಿತ್ಸೆಯನ್ನು ಮಧುಮೇಹಿಗಳ ಮಾಯದ ಕಾಲುಹುಣ್ಣಿಗೆ ಬಳಸುವುದುಂಟು. ಬೊಜ್ಜಿರುವ ಕೆಲವರಲ್ಲಿ ಆಗ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿದ್ದನ್ನು ಸಣ್ಣ ಅಧ್ಯಯನಗಳು ತೋರಿಸಿವೆ. ಆದರೆ ಸಕ್ಕರೆ ಕಾಯಿಲೆಗೇ ಇದು ಮದ್ದು ಎಂದು ಸಾಬೀತಾಗಿಲ್ಲ. ಇನ್ನು ಮನೆಗೆ ಸಿಲಿಂಡರ್ ತರಿಸುವುದಂತೂ ಶುದ್ಧ ದಂಡ. ನಾವು ಉಸಿರಾಡುವ ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕವಿದೆ. ಶ್ವಾಸಕೋಶ ಆರೋಗ್ಯವಾಗಿದ್ದರೆ ರಕ್ತಕ್ಕೆ ಅಷ್ಟೇ ಸಾಕು.

ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಇರುವ ಗಾಳಿಯಾದರೂ ರಾತ್ರಿ ನಿದ್ದೆಯಲ್ಲಿ ನಿಮಗೆ ಸರಿಯಾಗಿ ಸಿಗುತ್ತಿದೆಯೇ?

ಕುತ್ತಿಗೆಯ ಸುತ್ತ ಕೊಬ್ಬು ಬೆಳೆದವರಲ್ಲಿ ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಬಹುದು. ಜೋರಾಗಿದ್ದ ಗೊರಕೆ ಥಟ್ಟನೆ ನಿಲ್ಲುತ್ತದೆ. ಹತ್ತು ಸೆಕೆಂಡು ಅಥವಾ ಇನ್ನೂ ಹೆಚ್ಚು ಹೊತ್ತು ಉಸಿರೇ ಇಲ್ಲ. ಬಳಿಕ ಏದುಸಿರಿನೊಂದಿಗೆ ಮತ್ತೆ ಶುರು. ಗಂಟೆಗೆ ಐದು ಸಲ ಹೀಗಾದರೆ ಅದು ಕಾಯಿಲೆ. ಮೂವತ್ತು ಮುಟ್ಟಿದರೆ ತೀವ್ರ. ಹೀಗೆ ಉಸಿರು ಕಟ್ಟಿದಾಗಲೆಲ್ಲ ರಕ್ತದ ಆಮ್ಲಜನಕ ಇಳಿಯುತ್ತದೆ. ದೇಹ ಗಾಬರಿಗೊಂಡು ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಸುರಿಸುತ್ತದೆ. ಅವು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸಿ, ಇನ್ಸುಲಿನ್ನಿನ ಕೈ ಕಟ್ಟುತ್ತವೆ. ರಾತ್ರಿ ಎರಡೇ ಚಪಾತಿ ತಿಂದು ಮಲಗಿದರೂ ಬೆಳಗ್ಗೆ ಬರಿಹೊಟ್ಟೆಯ ಸಕ್ಕರೆ ಏರಿರಲು ಇದೂ ಒಂದು ಕಾರಣವಿರಬಹುದು.

ನಮ್ಮ ಮನೆಗಳಲ್ಲಿ ಗೊರಕೆ ಎಂದರೆ ನಗೆಯ ವಿಷಯ. ‘ಯಜಮಾನರಿಗೆ ಒಳ್ಳೇ ನಿದ್ದೆ’ ಎಂದು ಸುಮ್ಮನಾಗುತ್ತೇವೆ. ಹೆಂಗಸರಾದರೆ ನಾಚಿಕೆಯಿಂದ ಹೇಳಿಕೊಳ್ಳುವುದೇ ಇಲ್ಲ. ಮಲಗಿದವರಿಗೆ ತಮ್ಮ ಗೊರಕೆ ಕೇಳಿಸದು. ಸಾಕ್ಷಿ ಹೇಳಬೇಕಾದವರು ಮನೆಯವರು. ಆದ್ದರಿಂದ ಸಕ್ಕರೆ ತಪಾಸಣೆಗೆ ಹೋಗುವಾಗ ಅವರನ್ನೂ ಕರೆದೊಯ್ಯಿರಿ. ವೈದ್ಯರಾದ ನಾವೂ ಸಕ್ಕರೆಯ ಚೀಟಿ ನೋಡಿ ಮಾತ್ರೆ ಏರಿಸುವ ಮೊದಲು ನಿದ್ದೆಯ ಬಗ್ಗೆ ಕೇಳಬೇಕು.

ಹಗಲಲ್ಲಿ ತೂಕಡಿಕೆ, ಬೆಳಗಿನ ತಲೆನೋವು, ಹತೋಟಿಗೆ ಬಾರದ ರಕ್ತದೊತ್ತಡ ಜೊತೆಗಿದ್ದರೆ ತಡ ಮಾಡಬೇಡಿ. ವಾಹನ ಓಡಿಸುವವರ ತೂಕಡಿಕೆ ಇತರರ ಪ್ರಾಣಕ್ಕೂ ಸಂಚಕಾರ. ಒಂದು ರಾತ್ರಿಯ ನಿದ್ರಾ ಪರೀಕ್ಷೆಯಿಂದ ಕಾಯಿಲೆ ತಿಳಿಯುತ್ತದೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದ ‘ಸಿಪ್ಯಾಪ್’ ವಿಧಾನ ಇದಕ್ಕೆ ಮುಖ್ಯ ಚಿಕಿತ್ಸೆ. ಈ ಯಂತ್ರ ಕೊಡುವುದು ವಿಶೇಷ ಅನಿಲವನ್ನಲ್ಲ, ಕೋಣೆಯ ಗಾಳಿಯನ್ನೇ. ಅದನ್ನು ಒತ್ತಿ ಕಳುಹಿಸಿ ಗಂಟಲು ಮುಚ್ಚದಂತೆ ತಡೆಯುತ್ತದೆ. ನಿದ್ದೆ ಸುಧಾರಿಸುತ್ತದೆ, ರಕ್ತದೊತ್ತಡಕ್ಕೂ ಅನುಕೂಲ. ಇದರಿಂದ ಸಕ್ಕರೆಯೂ ಇಳಿಯುವುದೇ ಎಂಬ ಬಗ್ಗೆ ಮಾತ್ರ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಆದ್ದರಿಂದ ಮಾತ್ರೆ ಬಿಡಬೇಡಿ.

ತೂಕ ಇಳಿಸುವುದು ಗಂಟಲಿಗೂ ಸಕ್ಕರೆಗೂ ಒಳ್ಳೆಯದು. ಮಗ್ಗುಲಾಗಿ ಮಲಗಿ. ರಾತ್ರಿಯ ಮದ್ಯ ಬಿಡಿ. ವೈದ್ಯರನ್ನು ಕೇಳದೆ ನಿದ್ದೆಮಾತ್ರೆ ನುಂಗಬೇಡಿ. ಸಿಲಿಂಡರಿಗೆ ಸುರಿಯುವ ಹಣವನ್ನು ಉಳಿಸಿ, ಮೊದಲು ಆ ಒಂದು ರಾತ್ರಿಯ ಪರೀಕ್ಷೆ ಮಾಡಿಸಿಕೊಳ್ಳಿ.