ಬೀಜವೂ ಅವರದೇ, ಮದ್ದೂ ಅವರದೇ

ಜೋಳವು ಹುಲ್ಲಿನ ಜಾತಿಯ ಪೈರು. ಆದುದರಿಂದ ಹುಲ್ಲುಕಳೆಯನ್ನು ಕೊಲ್ಲುವ ಮದ್ದು ಜೋಳವನ್ನೂ ಬಿಡುವುದಿಲ್ಲ. ಅಟ್ರಜಿನ್ ಅಗಲ ಎಲೆಯ ಕಳೆಗೆ ಆದೀತು, ಹುಲ್ಲಿಗೆ ಸಾಲದು. ಈ ತೊಡಕನ್ನು ಬಿಡಿಸಲು ಕಳೆನಾಶಕಕ್ಕೆ ಜಗ್ಗದ ಜೋಳದ ತಳಿಗಳನ್ನು ವಿಜ್ಞಾನಿಗಳು ಹುಟ್ಟಿಸಿದ್ದಾರೆ. ಅಮೆರಿಕದ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದವರು ಆ ಗುಣವನ್ನು ಕಂಡುಕೊಂಡದ್ದು, ಮದ್ದಿಗೆ ಸಾಯದೆ ಉಳಿದಿದ್ದ ಕಾಡುಜೋಳದಲ್ಲಿ. ಬೇರೆ ತಳಿಗಳೂ ಬಂದಿವೆ. ಇಮಾಜಮಾಕ್ಸ್ ಎಂಬ ಮದ್ದನ್ನು ತಾಳುವ 'ಐಗ್ರೋತ್' ಜೋಳ ಅಡ್ವಾಂಟ ಕಂಪನಿಯದು. ಆ ಕಂಪನಿ ನಮ್ಮ ದೇಶದಲ್ಲೇ ಬೆಳೆದ ಯು.ಪಿ.ಎಲ್. ಸಮೂಹಕ್ಕೆ ಸೇರಿದ್ದು. ಆ ಸಮೂಹದ ದೊಡ್ಡ ವ್ಯಾಪಾರವೇ ಬೆಳೆಗೆ ಹೊಡೆಯುವ ಮದ್ದು!

ತಿಪಟೂರಿನ ಎಣ್ಣೆ ಗಿರಣಿಯ ಕೂಲಿಗಾರನಿಗೆ, ಚಿಕ್ಕನಾಯಕನಹಳ್ಳಿಯ ಚಿಲ್ಲರೆ ಅಂಗಡಿಯವನಿಗೆ ಇದರಿಂದ ಆಗಬೇಕಾದ್ದೇನು ಎಂದು ಕೇಳಬಹುದು. ಬೇಕಾದಷ್ಟಿದೆ ಎನ್ನುತ್ತೇವೆ. ಭತ್ತದಲ್ಲಿ ಈ ಬಗೆಯ ಬೀಜ ನಮ್ಮ ದೇಶಕ್ಕೆ ಆಗಲೇ ಕಾಲಿಟ್ಟಿದೆ. ಇಮಾಜೆಥಪೈರ್ ತಾಳುವ ಪೂಸಾ ಬಾಸ್ಮತಿ 1979 ಮತ್ತು 1985 ತಳಿಗಳು 2021ರಲ್ಲಿ ಬಿಡುಗಡೆಯಾದವು. ಭತ್ತಕ್ಕೆ ಬಂದದ್ದು ನಾಳೆ ಜೋಳಕ್ಕೆ ಬಾರದೆಂದು ನಂಬಿ ಕೂರುವಂತಿಲ್ಲ.

ನಮ್ಮ ಮೂರು ತಾಲ್ಲೂಕುಗಳಲ್ಲಿ ತೋಟವೆಂದರೆ ತೆಂಗು, ಹೊಲವೆಂದರೆ ರಾಗಿ. ಜೋಳ ಬೆಳೆಯುವುದು ದನದ ಮೇವಿಗೆ, ಇಲ್ಲವೆ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಜೊತೆಗೆ ಅಕ್ಕಡಿ ಸಾಲಾಗಿ. ಒಂದು ಹೊಲದಲ್ಲಿ ಹಿಟ್ಟು, ಸಾರು, ಎಣ್ಣೆ, ಮೇವು ಎಲ್ಲವೂ ಸಿಗುತ್ತವೆ. ಮಳೆ ಒಂದನ್ನು ಕೆಡಿಸಿದರೆ ಇನ್ನೊಂದು ಕೈ ಹಿಡಿಯುತ್ತದೆ. ಹುಲ್ಲನ್ನು ಕೊಲ್ಲುವ ಮದ್ದಿಗೆ ರಾಗಿಯೂ ಹುಲ್ಲೇ. ಒಂದೇ ತಳಿಯನ್ನು ಉಳಿಸಿ ಉಳಿದುದನ್ನು ಸುಡುವ ಬೇಸಾಯ ಅಕ್ಕಡಿಯ ಹೊಲಕ್ಕೆ ಹೊಂದುವಂಥದಲ್ಲ.

ಇನ್ನು ಕೂಲಿಯ ಮಾತು. ಕಳೆ ಕೀಳುವವರು ಬಹುಪಾಲು ಹೆಂಗಸರು. ಅವರ ಕೂಲಿ ಸಂತೆಗೆ ಬರುತ್ತದೆ. ಉಪ್ಪು, ಬೆಲ್ಲ, ಬಟ್ಟೆಯ ರೂಪದಲ್ಲಿ ವ್ಯಾಪಾರಿಯ ಗಲ್ಲಾಪೆಟ್ಟಿಗೆ ಸೇರುತ್ತದೆ. ಅದೇ ಹಣ ಮದ್ದಿನ ಡಬ್ಬಿಗೆ ಹೋದರೆ ಸಂತೆಗೆ ತಿರುಗಿ ಬರುವುದಿಲ್ಲ. ಹಾಗೆಂದು ಬೆನ್ನು ಬಗ್ಗಿಸಿ ಕಳೆ ಕೀಳುವ ದಣಿವನ್ನು ನಾವು ಹೊಗಳುವವರಲ್ಲ. ಆಳು ಸಿಗದೆ ಬವಣೆಪಡುವ ಸಣ್ಣ ರೈತನ ಕಷ್ಟವೂ ನಮಗೆ ತಿಳಿದದ್ದೇ. ದಣಿವು ಕಡಿಮೆಯಾಗಲಿ; ಆದರೆ ಅದರ ಲಾಭ ದುಡಿಯುವವನಿಗೆ ಸಿಗಲಿ ಎಂಬುದೇ ನಮ್ಮ ವಾದ.

ವಿಜ್ಞಾನಿಗಳೇ ಎಚ್ಚರಿಸಿರುವ ಮತ್ತೊಂದು ಅಪಾಯವಿದೆ. ಜೋಳವು ತನ್ನ ದಾಯಾದಿಗಳಾದ ಕಾಡುಜೋಳ, ಜಾನ್ಸನ್ ಹುಲ್ಲುಗಳೊಡನೆ ಬೆರೆಯುತ್ತದೆ. ಮದ್ದು ತಾಳುವ ಗುಣ ಪರಾಗದ ಮೂಲಕ ಕಳೆಗೇ ದಾಟಿದರೆ, ಆ ಮದ್ದು ನಿಷ್ಪ್ರಯೋಜಕ. ಆಗ ಕಂಪನಿಯವರು ಮತ್ತೊಂದು ಮದ್ದು, ಮತ್ತೊಂದು ಬೀಜ ಹಿಡಿದು ಬರುತ್ತಾರೆ. ಸಾಲ ಮಾತ್ರ ರೈತನ ತಲೆಯ ಮೇಲೆ ಉಳಿಯುತ್ತದೆ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ವರ್ಷವರ್ಷವೂ ಕೊಳ್ಳಲೇಬೇಕಾದ ಸಂಕರಬೀಜದ ಮುಂದೆ ಆ ಹಕ್ಕು ಕಾಗದದ ಹಕ್ಕಾಗುತ್ತದೆ.

ನಮ್ಮ ಬೇಡಿಕೆ ಸ್ಪಷ್ಟ. ಇಂಥ ಜೋಳ ಇಲ್ಲಿಗೆ ಬರುವ ಮೊದಲು ಕೃಷಿ ವಿಶ್ವವಿದ್ಯಾನಿಲಯಗಳು ಅಕ್ಕಡಿ ಹೊಲದಲ್ಲೇ ಪರೀಕ್ಷೆ ನಡೆಸಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಬೀಜವನ್ನೂ ಮದ್ದನ್ನೂ ಗಂಟು ಹಾಕಿ ಮಾರುವುದನ್ನು ಸರ್ಕಾರ ತಡೆಯಲಿ. ಸಣ್ಣ ರೈತರಿಗೆ ಕಳೆ ಕೀಳುವ ಸಲಕರಣೆಗಳು ಸಹಕಾರ ಸಂಘಗಳ ಮೂಲಕ ಬಾಡಿಗೆಗೆ ದೊರೆಯಲಿ. ಕೊಬ್ಬರಿಯ ಧಾರಣೆ ಬಿದ್ದಾಗ ಬೀದಿಗಿಳಿಯುವ ನಾವು, ಹೊಲದ ಬೀಜ ಕೈ ತಪ್ಪುವಾಗ ಸುಮ್ಮನಿರಬಾರದು.