ಹೊಗಳಿದ್ದು ಸಾಕು, ಚಿತ್ರಗಳನ್ನು ತೋರಿಸಬೇಕು

ಕನ್ನಡ ಚಲನಚಿತ್ರದ ಹಿರಿಮೆಯ ಮಾತು ಬಂದಾಗಲೆಲ್ಲ ತಪ್ಪದೆ ಉಲ್ಲೇಖಗೊಳ್ಳುವ ಪಟ್ಟಿಯೊಂದಿದೆ. ದೇಶದ ಅತ್ಯುತ್ತಮ ಕಥಾಚಿತ್ರಕ್ಕೆ ಕೇಂದ್ರ ಸರ್ಕಾರ ಕೊಡುವ ರಾಷ್ಟ್ರಪ್ರಶಸ್ತಿಯನ್ನು 1970ರ ಸಾಲಿಗೆ ‘ಸಂಸ್ಕಾರ’, 1975ಕ್ಕೆ ‘ಚೋಮನ ದುಡಿ’, 1977ಕ್ಕೆ ‘ಘಟಶ್ರಾದ್ಧ’, 1986ಕ್ಕೆ ‘ತಬರನ ಕಥೆ’, 1997ಕ್ಕೆ ‘ತಾಯಿ ಸಾಹೇಬ’, 2001ಕ್ಕೆ ‘ದ್ವೀಪ’ ಪಡೆದಿವೆ. ಈ ಆರರಲ್ಲಿ ಕೊನೆಯ ನಾಲ್ಕೂ ಗಿರೀಶ್ ಕಾಸರವಳ್ಳಿ ಅವರ ನಿರ್ದೇಶನದವು. ರಾಜ್ಯೋತ್ಸವದ ಭಾಷಣಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ, ಪತ್ರಿಕೆಗಳ ವಿಶೇಷಾಂಕಗಳಲ್ಲಿ ಈ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಹೆಸರು ಬಲ್ಲವರಲ್ಲಿ ಚಿತ್ರವನ್ನು ಪೂರ್ತಿಯಾಗಿ, ಸರಿಯಾದ ಪರದೆಯ ಮೇಲೆ, ಸ್ಪಷ್ಟ ಬಿಂಬ ಮತ್ತು ಕೇಳಿಸುವ ಧ್ವನಿಯೊಡನೆ ನೋಡಿದವರು ಎಷ್ಟು ಮಂದಿ ಎಂದು ಕೇಳಿದರೆ ಯಾವ ಕಾಲೇಜಿನ ತರಗತಿಯಲ್ಲಾದರೂ ಮೇಲೇಳುವ ಕೈಗಳು ಬಹಳ ಕಡಿಮೆ. ಪ್ರಶಸ್ತಿ ಪಡೆದು ಪ್ರದರ್ಶನ ಕಾಣದ ಚಿತ್ರ ಪ್ರೇಕ್ಷಕನ ಪಾಲಿಗೆ ಕಳೆದುಹೋದ ಚಿತ್ರಕ್ಕಿಂತ ಬೇರೆಯಲ್ಲ. ಆದ್ದರಿಂದ ಈ ಚಿತ್ರಗಳ ಬಗೆಗಿನ ಅಭಿಮಾನದ ಮಾತು ಇನ್ನು ಮುಂದೆ ಅವುಗಳ ಪ್ರದರ್ಶನದ ಬೇಡಿಕೆಯಾಗಿ ಬದಲಾಗಬೇಕು ಎಂಬುದೇ ಈ ಕರಪತ್ರದ ವಾದ.

ಪಟ್ಟಿಯಲ್ಲಿರುವ ಚಿತ್ರಗಳಿಗೆ ಕೀರ್ತಿಯಾದರೂ ಉಳಿದಿದೆ. ಆ ಪಟ್ಟಿಯ ಹೊರಗಿರುವ ಚಿತ್ರಗಳ ಸ್ಥಿತಿ ಇನ್ನೂ ಶೋಚನೀಯ, ಮತ್ತು ಅವುಗಳಲ್ಲಿ ಮೊದಲು ನೆನೆಯಬೇಕಾದವು ಎನ್. ಲಕ್ಷ್ಮೀನಾರಾಯಣ್ ಅವರ ಚಿತ್ರಗಳು. ಕನ್ನಡದ ಹೊಸ ಅಲೆಯ ಚಿತ್ರಗಳ ಚರಿತ್ರೆಯನ್ನು ‘ಸಂಸ್ಕಾರ’ದಿಂದ ಆರಂಭಿಸುವುದು ರೂಢಿಯಾಗಿದೆ, ಹೊಸ ಅಲೆ ಎಂದರೆ ಹಾಡು, ಹೊಡೆದಾಟ, ತಾರೆಯರ ಆಕರ್ಷಣೆ ಇವುಗಳನ್ನು ಅವಲಂಬಿಸದೆ, ಸಮಾಜದ ಮತ್ತು ವ್ಯಕ್ತಿಯ ಒಳಬಾಳನ್ನು ವಾಸ್ತವಕ್ಕೆ ಹತ್ತಿರವಾದ ರೀತಿಯಲ್ಲಿ ಚಿತ್ರಿಸಲು ಹೊರಟ ಪ್ರವಾಹ. ಆ ಪ್ರವಾಹಕ್ಕೆ ಆರು ವರ್ಷ ಮೊದಲೇ, 1964ರಲ್ಲಿ, ಲಕ್ಷ್ಮೀನಾರಾಯಣ್ ‘ನಾಂದಿ’ಯನ್ನು ನಿರ್ದೇಶಿಸಿದ್ದರು. ಪೌರಾಣಿಕ ಮತ್ತು ಐತಿಹಾಸಿಕ ಪಾತ್ರಗಳ ಮೂಲಕ ಜನಮನದಲ್ಲಿ ನೆಲೆಸಿದ್ದ ರಾಜ್‌ಕುಮಾರ್ ಅವರನ್ನು ಸಾಮಾನ್ಯ ಗೃಹಸ್ಥನ ಪಾತ್ರಕ್ಕೆ ತಂದು, ಕಿವಿ ಕೇಳದ, ಮಾತು ಬಾರದ ಹೆಣ್ಣಿನ ಪಾತ್ರವನ್ನು ಹರಿಣಿ ಅವರಿಗೆ ಕೊಟ್ಟು, ಆ ದಾಂಪತ್ಯವನ್ನು ಕನಿಕರದ ಕಥೆಯಾಗಲು ಬಿಡದೆ, ಇಬ್ಬರು ಒಬ್ಬರನ್ನೊಬ್ಬರು ಅರಿಯಲು ಕಲಿಯುವ ಕಥೆಯಾಗಿ ಅವರು ನಿರೂಪಿಸಿದರು. ಸಂಭಾಷಣೆಯೇ ಚಿತ್ರದ ಪ್ರಾಣವೆಂದು ನಂಬಿದ್ದ ಕಾಲದಲ್ಲಿ ಸಂಜ್ಞೆಯ ಮೇಲೆ, ಮುಖದ ಮೇಲೆ, ಮೌನದ ಮೇಲೆ ಭಾರ ಹಾಕಿದ ಈ ಚಿತ್ರದ ಧೈರ್ಯವನ್ನು ಇಂದಿಗೂ ಸರಿಯಾಗಿ ಅಳೆಯಲಾಗಿಲ್ಲ.

ಲಕ್ಷ್ಮೀನಾರಾಯಣ್ ಅಲ್ಲಿಗೇ ನಿಲ್ಲಲಿಲ್ಲ. ಚದುರಂಗರ ಕಾದಂಬರಿಯನ್ನು ಆಧರಿಸಿದ ‘ಉಯ್ಯಾಲೆ’ಯಲ್ಲಿ (1969), ಗಂಡನ ಉಪೇಕ್ಷೆಗೆ ಗುರಿಯಾದ ಗೃಹಿಣಿಯ ಮನಸ್ಸು ಮತ್ತೊಬ್ಬನತ್ತ ವಾಲುವುದನ್ನು ತೀರ್ಪು ಕೊಡುವ ಆತುರವಿಲ್ಲದೆ ತೋರಿಸಿದರು, ಆ ಪಾತ್ರ ವಹಿಸಿದ ಕಲ್ಪನಾ ಅವರ ಅಭಿನಯವನ್ನು ‘ಶರಪಂಜರ’ದಿಂದ ಮಾತ್ರ ಬಲ್ಲವರು ಈ ಚಿತ್ರವನ್ನು ಅವಶ್ಯವಾಗಿ ನೋಡಬೇಕು. ಪೂರ್ಣಚಂದ್ರ ತೇಜಸ್ವಿ ಅವರ ಕಥೆಯನ್ನು ಆಧರಿಸಿದ ‘ಅಬಚೂರಿನ ಪೋಸ್ಟಾಫೀಸು’ (1973) ಮಲೆನಾಡಿನ ಹಳ್ಳಿಯೊಂದಕ್ಕೆ ಅಂಚೆಯ ಜೊತೆಗೆ ಗುಮಾನಿ, ಗಾಳಿಮಾತು, ಕಾಗದಗಳ ಕುತೂಹಲ ಇವೆಲ್ಲ ಹೇಗೆ ಬಂದು ನೆಲೆಸುತ್ತವೆ ಎಂಬುದನ್ನು ಹೇಳುತ್ತದೆ. ಬಾಲಕ ಪುನೀತ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ‘ಬೆಟ್ಟದ ಹೂವು’ (1985) ಕೂಡ ಇವರ ನಿರ್ದೇಶನದ್ದೇ. ಆ ಚಿತ್ರವನ್ನು ಪ್ರೀತಿಸುವ ಲಕ್ಷಾಂತರ ಜನರಿಗೆ ಬಾಲನಟನ ಹೆಸರು ಗೊತ್ತು, ನಿರ್ದೇಶಕನ ಹೆಸರು ಗೊತ್ತಿಲ್ಲ. ಎರಡು ದಶಕಗಳ ಕಾಲ ಜನಪ್ರಿಯ ನಟರನ್ನೂ ಗಂಭೀರ ವಸ್ತುವನ್ನೂ ಒಟ್ಟಿಗೆ ಇಟ್ಟುಕೊಂಡು ನಡೆದ ಇಂಥ ನಿರ್ದೇಶಕ ಗಾಂಧಿನಗರದ ಚಿತ್ರೋದ್ಯಮದ ಲೆಕ್ಕಕ್ಕೂ ಸಿಗಲಿಲ್ಲ, ಕಲಾತ್ಮಕ ಚಿತ್ರಗಳ ಚರಿತ್ರಕಾರರ ಲೆಕ್ಕಕ್ಕೂ ಪೂರ್ತಿಯಾಗಿ ಸಿಗಲಿಲ್ಲ. ‘ವ್ಯಾಪಾರಿ’ ಮತ್ತು ‘ಕಲಾತ್ಮಕ’ ಎಂಬ ಎರಡು ಪೆಟ್ಟಿಗೆಗಳ ವಿಂಗಡಣೆಯೇ ಅವರನ್ನು ಮರೆಯಿಸಿತು ಎಂದರೆ ತಪ್ಪಾಗದು.

ಮಹಿಳೆಯರ ಬಾಳನ್ನು ಮಹಿಳೆಯೇ ಚಿತ್ರಿಸಿದ ಕನ್ನಡದ ಆರಂಭದ ಯತ್ನಗಳಲ್ಲಿ ಪ್ರೇಮಾ ಕಾರಂತರ ‘ಫಣಿಯಮ್ಮ’ ಮುಖ್ಯವಾದದ್ದು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಇಡೀ ಆಯುಷ್ಯವನ್ನು ಮಡಿಯಲ್ಲೇ ಸವೆಸಿದ ಹೆಣ್ಣೊಬ್ಬಳು ಮುಂದಿನ ತಲೆಮಾರಿನ ಎಳೆಯ ವಿಧವೆ ದಾಕ್ಷಾಯಣಿ ಅದೇ ಕಟ್ಟಳೆಗೆ ಒಪ್ಪದೆ ನಿಂತಾಗ ಅವಳ ಪರ ವಹಿಸುತ್ತಾಳೆ. ಎಲ್.ವಿ. ಶಾರದಾ ಈ ಪಾತ್ರವನ್ನು ಅಳುವಿನ ಆಶ್ರಯವಿಲ್ಲದೆ, ಕೆಲಸದಲ್ಲಿ ತೊಡಗಿದ ಕೈಗಳು ಮತ್ತು ಸ್ಥಿರವಾದ ಕಣ್ಣುಗಳಿಂದಲೇ ಕಟ್ಟಿದ್ದಾರೆ. ಟಿ.ಎಸ್. ನಾಗಾಭರಣ ಅವರ ‘ಗ್ರಹಣ’ (1978) ಅಷ್ಟೇ ಬೆಂಕಿಯ ವಸ್ತುವಿನದು: ಗ್ರಾಮದೇವತೆಯ ಹಬ್ಬದ ಅವಧಿಗೆ ಮಾತ್ರ ಕೆಲವು ದಲಿತರನ್ನು ಬ್ರಾಹ್ಮಣರೆಂದು ಪರಿಗಣಿಸಿ, ಹಬ್ಬ ಮುಗಿದೊಡನೆ ಮೊದಲಿದ್ದ ಜಾಗಕ್ಕೇ ತಳ್ಳುವ ಆಚರಣೆಯೊಂದನ್ನು ಅದು ಪ್ರಶ್ನಿಸುತ್ತದೆ. ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ (1985) ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರ ಮೇಲೆ ಹರಿದ ಕಾರು ಮತ್ತು ಅದನ್ನು ಮುಚ್ಚಿಹಾಕುವ ಅಧಿಕಾರ ಇವುಗಳ ಕಥೆಯನ್ನು ಹಾಡುಗಳಿಲ್ಲದೆ ಹೇಳಿದ ನಗರಚಿತ್ರ. ಇವುಗಳಲ್ಲಿ ಯಾವುದೂ ತನ್ನ ಕಾಲದಲ್ಲಿ ಗೌರವ ಕಾಣದ ಚಿತ್ರವಲ್ಲ. ಮೂರಕ್ಕೂ ರಾಷ್ಟ್ರಪ್ರಶಸ್ತಿಗಳು ಬಂದಿವೆ.

ಗೌರವ ಬಂದರೂ ನೋಟ ಒದಗದಿರುವುದಕ್ಕೆ ಕಾರಣಗಳು ಹಲವು. ಹಂಚಿಕೆದಾರರು ಇಂಥ ಚಿತ್ರಗಳಿಗೆ ಕೊಟ್ಟದ್ದು ಹೆಚ್ಚಾಗಿ ಬೆಳಗಿನ ಆಟ, ಅದೂ ದೊಡ್ಡ ಊರುಗಳ ಕೆಲವೇ ಚಿತ್ರಮಂದಿರಗಳಲ್ಲಿ. ಮುಂದೆ ದೂರದರ್ಶನದ ಪ್ರಸಾರ, ಆಮೇಲೆ ಆ ಪ್ರಸಾರದಿಂದಲೇ ಇಳಿಸಿಕೊಂಡ ಮಸುಕಾದ ಪ್ರತಿಗಳು. ಆದರೆ ವಿಮರ್ಶೆಯ ಪಾಲೂ ಇಲ್ಲಿ ಕಡಿಮೆಯದಲ್ಲ. ಹೊಸ ಅಲೆಯ ಬಹುಪಾಲು ಚಿತ್ರಗಳು ಪ್ರಸಿದ್ಧ ಕಾದಂಬರಿ ಅಥವಾ ಕಥೆಗಳಿಂದ ಹುಟ್ಟಿದವಾದ್ದರಿಂದ ಕನ್ನಡ ವಿಮರ್ಶೆ ಅವನ್ನು ಸಾಹಿತ್ಯದ ವಿಸ್ತರಣೆಯಾಗಿ ಓದಿ, ಮೂಲಕ್ಕೆ ನಿಷ್ಠವೇ ಅಲ್ಲವೇ ಎಂಬ ಪ್ರಶ್ನೆಯಲ್ಲೇ ತೃಪ್ತಿಪಟ್ಟಿತು. ಬೆಳಕು, ಚೌಕಟ್ಟು, ಶಬ್ದ, ಸಂಕಲನ ಇವುಗಳ ಬಗ್ಗೆ ಬರೆದದ್ದು ಕಡಿಮೆ. ‘ಋಷ್ಯಶೃಂಗ’ದ ವರ್ಣ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಪಡೆದು, ಮರುವರ್ಷವೇ ‘ಘಟಶ್ರಾದ್ಧ’ವನ್ನು ಕಪ್ಪು ಬಿಳುಪಿನಲ್ಲಿ ಚಿತ್ರೀಕರಿಸಿದ ಎಸ್. ರಾಮಚಂದ್ರ ಅವರ ಹೆಸರು ಸಾಹಿತ್ಯದ ವಿದ್ಯಾರ್ಥಿಗೆ ಅಪರಿಚಿತವಾಗಿ ಉಳಿದಿರುವುದು ಇದರ ಫಲ. ಬದುಕಿರುವ ವ್ಯಕ್ತಿಯನ್ನು ಸತ್ತವಳೆಂದು ಘೋಷಿಸಿ, ಮಡಕೆ ಒಡೆದು ಶ್ರಾದ್ಧ ಮಾಡಿ ಕುಲದಿಂದ ಹೊರಹಾಕುವ ಕ್ರಿಯೆಯೇ ಘಟಶ್ರಾದ್ಧ. ಯು.ಆರ್. ಅನಂತಮೂರ್ತಿ ಅವರ ಕಥೆ ಆ ಕ್ರೌರ್ಯವನ್ನು ಮಾತಿನಲ್ಲಿ ಹೇಳಿದರೆ, ಚಿತ್ರವು ವೇದಪಾಠಕ್ಕೆ ಬಂದ ಪುಟ್ಟ ಬಾಲಕ ನಾಣಿಯ ಕಣ್ಣಿನೆತ್ತರಕ್ಕೆ ಕ್ಯಾಮೆರಾವನ್ನು ಇಳಿಸಿ, ವಿಧವೆ ಯಮುನಕ್ಕನಿಗೆ ಒದಗುವುದನ್ನು ಅವನು ಅರ್ಧ ತಿಳಿದು ಅರ್ಧ ತಿಳಿಯದೆ ನೋಡುವಂತೆ ಮಾಡುತ್ತದೆ. ಈ ಅರ್ಧ ತಿಳಿವಳಿಕೆಯನ್ನು ಕತ್ತಲೆಯ ಮೂಲೆಗಳು, ಕಾಡಿನ ನೆರಳು, ದೀಪದ ಬೆಳಕು ಇವುಗಳಿಂದ ಕಟ್ಟಲಾಗಿದೆ. ಮಸುಕು ಪ್ರತಿಯಲ್ಲಿ ಮೊದಲು ಅಳಿಸಿಹೋಗುವುದು ಇದೇ, ಆದ್ದರಿಂದ ಅಂಥ ಪ್ರತಿಯಲ್ಲಿ ‘ಘಟಶ್ರಾದ್ಧ’ ನೋಡಿದವರು ಅದರ ಕಥೆಯನ್ನಷ್ಟೇ ನೋಡಿದ್ದಾರೆ.

ಚಿತ್ರವೆಂಬುದು ನಾಶವಾಗಬಲ್ಲ ವಸ್ತು ಎಂಬುದನ್ನು ಇಲ್ಲಿ ವಿವರಿಸಬೇಕು. ಕ್ಯಾಮೆರಾದೊಳಗೆ ಓಡಿ ಬೆಳಕನ್ನು ಮೊದಲು ಹಿಡಿದ ಸುರುಳಿಗೆ ನೆಗೆಟಿವ್ ಎಂದೂ, ಅದರಿಂದ ಚಿತ್ರಮಂದಿರಗಳಿಗಾಗಿ ತೆಗೆದ ಪ್ರತಿಗೆ ಪ್ರಿಂಟ್ ಎಂದೂ ಹೆಸರು. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಸುರುಳಿ ಸುಲಭವಾಗಿ ಹೊತ್ತಿಕೊಳ್ಳುವಂಥದು. ಆಮೇಲೆ ಬಂದ ಅಸಿಟೇಟ್ ಸುರುಳಿ ಬೆಂಕಿಗೆ ಅಂಜದಿದ್ದರೂ ಸೆಕೆ ಮತ್ತು ತೇವದಲ್ಲಿ ಕೊಳೆಯತೊಡಗಿ, ಹುಳಿ ವಿನೆಗರ್‌ನ ವಾಸನೆ ಬಿಡುತ್ತ, ಮುದುಡಿ, ಸುಕ್ಕಾಗಿ ಕೊನೆಗೆ ನೋಡಲಾಗದ ಸ್ಥಿತಿಗೆ ಬರುತ್ತದೆ. ಈ ಕೊಳೆತ ಒಮ್ಮೆ ಆರಂಭವಾದರೆ ಅದನ್ನು ನಿಧಾನಗೊಳಿಸಬಹುದೇ ಹೊರತು ಹಿಂದಿರುಗಿಸಲಾಗದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಿಡುಗಡೆಯಾಯಿತು, ಇಂದು ಅದರ ಪ್ರತಿಯಿಲ್ಲ. ವೈ.ವಿ. ರಾವ್ ಅವರ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾವ್ ಅವರ ಅಭಿನಯ ಇವೆಲ್ಲ ಈಗ ಸ್ಥಿರಚಿತ್ರ ಮತ್ತು ಬರಹಗಳಲ್ಲಿ ಮಾತ್ರ. ದೀರ್ಘಕಾಲ ಕನ್ನಡ ಚಿತ್ರಗಳ ಸಂಸ್ಕರಣೆ ಮದರಾಸಿನ ಲ್ಯಾಬ್‌ಗಳಲ್ಲೇ ನಡೆಯುತ್ತಿತ್ತು. ಡಿಜಿಟಲ್ ಕ್ರಮ ಬಂದು ಲ್ಯಾಬ್‌ಗಳು ಬಾಗಿಲು ಹಾಕತೊಡಗಿದ ಮೇಲೆ ನಿರ್ಮಾಪಕರು ತಿರುಗಿ ನೋಡದ ಡಬ್ಬಿಗಳ ಗತಿ ಏನಾಯಿತೆಂದು ಚಿತ್ರಚಿತ್ರಕ್ಕೂ ವಿಚಾರಿಸಬೇಕಾಗಿದೆ.

ಇಂಥ ಚಿತ್ರಗಳನ್ನು ಉಳಿಸುವ ಕೆಲಸ ಅಸಾಧ್ಯವಲ್ಲ ಎನ್ನುವುದಕ್ಕೆ ಸಾಕ್ಷಿ ಕಣ್ಣೆದುರಿಗಿದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿ ಉಳಿದಿದ್ದ ನೆಗೆಟಿವ್‌ನಿಂದ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಪುನರುಜ್ಜೀವಿಸಿದವು, 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ಹೊಸದಾಗಿ ಪ್ರದರ್ಶನಗೊಂಡಿತು. ಪುನರುಜ್ಜೀವನವೆಂದರೆ ನೆಗೆಟಿವ್‌ನ ಒಂದೊಂದು ಚೌಕಟ್ಟನ್ನೂ ಉನ್ನತ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ, ಗೀರು, ಧೂಳು, ನಡುಕಗಳನ್ನು ನಿವಾರಿಸಿ, ಛಾಯಾಗ್ರಾಹಕ ಉದ್ದೇಶಿಸಿದ್ದ ಬೆಳಕು ನೆರಳನ್ನು ಮತ್ತೆ ನಿಲ್ಲಿಸುವುದು. ಮಲಯಾಳದ ಜಿ. ಅರವಿಂದನ್ ಅವರ ‘ತಂಪ್’, ಮಣಿಪುರದ ಅರಿಬಮ್ ಶ್ಯಾಮ್ ಶರ್ಮಾ ಅವರ ‘ಇಶಾನೌ’, ಒಡಿಯಾದ ನೀರದ ಮಹಾಪಾತ್ರ ಅವರ ‘ಮಾಯಾ ಮಿರಿಗ’ ಇವೂ ಇದೇ ಬಗೆಯಲ್ಲಿ ಮರಳಿ ಬಂದು, ತಮ್ಮ ನಾಡಿನ ಹೊಸ ತಲೆಮಾರಿಗೂ ಹೊರಜಗತ್ತಿಗೂ ಒಟ್ಟಿಗೆ ಪರಿಚಯವಾದವು. ಕನ್ನಡದ ಒಂದು ಚಿತ್ರಕ್ಕೆ ಆದದ್ದು ಇನ್ನೂ ಇಪ್ಪತ್ತಕ್ಕೆ ಆಗಬಾರದೇಕೆ?

ಇಂಥ ಚಿತ್ರಗಳು ನಿಧಾನದವು, ಜನ ನೋಡುವುದಿಲ್ಲ, ಆದ್ದರಿಂದ ಈ ಖರ್ಚು ದಂಡ ಎಂಬ ಆಕ್ಷೇಪಣೆ ಹೊಸದಲ್ಲ. ಅದಕ್ಕೆ ಉತ್ತರ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲೇ ಸಿಕ್ಕಿದೆ. ಕೆ.ವಿ. ಸುಬ್ಬಣ್ಣ ಅವರ ನೇತೃತ್ವದ ನೀನಾಸಮ್ ಸಂಸ್ಥೆ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಸತ್ಯಜಿತ್ ರಾಯ್, ಅಕಿರಾ ಕುರೋಸಾವಾ ಮೊದಲಾದವರ ಚಿತ್ರಗಳನ್ನು ಅಡಿಕೆ ತೋಟದ ಹಳ್ಳಿಗರ ಮುಂದೆ ಇಟ್ಟಿತು. ಕನ್ನಡದಲ್ಲಿ ಮುಂಚಿತವಾಗಿ ವಿವರಣೆ ಕೊಟ್ಟು, ನೋಡಿದ ಮೇಲೆ ಚರ್ಚೆಗೆ ಎಡೆ ಮಾಡಿಕೊಟ್ಟಿತು. ಭಾಷೆ ತಿಳಿಯದ ಜಪಾನಿನ ಚಿತ್ರವನ್ನು ಕೂತು ನೋಡಿದ ಜನ ತಮ್ಮದೇ ಭಾಷೆಯ, ತಮ್ಮದೇ ಮಲೆನಾಡಿನ ಚಿತ್ರವನ್ನು ನೋಡಲಾರರು ಎನ್ನುವುದು ಜನರನ್ನು ಕೀಳಾಗಿ ಎಣಿಸಿದಂತೆ. ಪ್ರೇಕ್ಷಕರಿಲ್ಲದ್ದರಿಂದ ಪ್ರದರ್ಶನ ನಿಂತಿಲ್ಲ, ಪ್ರದರ್ಶನ ನಿಂತದ್ದರಿಂದ ಪ್ರೇಕ್ಷಕರು ಬೆಳೆಯಲಿಲ್ಲ.

ಹಕ್ಕುಗಳ ತೊಡಕು ಎರಡನೆಯ ಆಕ್ಷೇಪಣೆ, ಮತ್ತು ಅದು ಮೊದಲನೆಯದಕ್ಕಿಂತ ಗಟ್ಟಿ. ನಿರ್ಮಾಪಕರು ತೀರಿಹೋಗಿರುತ್ತಾರೆ, ಹಕ್ಕು ಯಾರಿಂದ ಯಾರಿಗೆ ಹೋಯಿತೆಂಬುದಕ್ಕೆ ಕಾಗದಗಳಿರುವುದಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಲನಚಿತ್ರದ ಮೇಲಿನ ಸ್ವಾಮ್ಯ ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಮಾತ್ರ. ಅಂದರೆ 1964ರ ‘ನಾಂದಿ’ಯ ಚಿತ್ರಸ್ವಾಮ್ಯ 2024ರ ಕೊನೆಗೆ ಮುಗಿದಿದೆ, ‘ಉಯ್ಯಾಲೆ’ಯದು 2029ರ ಕೊನೆಗೂ, ‘ಸಂಸ್ಕಾರ’ದ್ದು 2030ರ ಕೊನೆಗೂ ಮುಗಿಯುತ್ತದೆ. ಕಥೆ, ಗೀತೆ, ಸಂಗೀತ ಇವುಗಳ ಹಕ್ಕು ಬೇರೆಯಾಗಿ ಮುಂದುವರಿಯಬಹುದಾದ್ದರಿಂದ ವಾರಸುದಾರರೊಡನೆ ಮಾತುಕತೆ ಆಗಲೇಬೇಕು. ಆದರೆ ಅದು ಕೆಲಸ ಆರಂಭಿಸಲು ಕಾರಣವೇ ಹೊರತು ಕೈಕಟ್ಟಿ ಕೂರಲು ಅಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, 1934ರಿಂದ ಇತ್ತ ಯಾವ ಕನ್ನಡ ಚಿತ್ರದ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಯಾವುದರ ಪ್ರಿಂಟ್ ಮಾತ್ರ ಉಳಿದಿದೆ ಎಂಬ ಸಾರ್ವಜನಿಕ ಸೂಚಿಯನ್ನು ರಾಜ್ಯದ ಚಲನಚಿತ್ರ ಅಕಾಡೆಮಿ ಪುಣೆಯ ಭಂಡಾರದ ನೆರವಿನಿಂದ ಸಿದ್ಧಪಡಿಸಿ ಪ್ರಕಟಿಸಬೇಕು. ಹೊಸ ಚಿತ್ರಗಳಿಗೆ ಪ್ರತಿವರ್ಷ ಸಹಾಯಧನ ಕೊಡುವ ಸರ್ಕಾರ ಅದರ ಒಂದು ಭಾಗವನ್ನು ಹಳೆಯ ಚಿತ್ರಗಳ ಸ್ಕ್ಯಾನಿಂಗ್‌ಗೆ ಮೀಸಲಿಡಬೇಕು, ಮತ್ತು ಸಹಾಯಧನ ಪಡೆದ ಪ್ರತಿಯೊಂದು ಚಿತ್ರದ ಉತ್ತಮ ಪ್ರತಿಯನ್ನು ಭಂಡಾರಕ್ಕೆ ಒಪ್ಪಿಸುವುದನ್ನು ಕಡ್ಡಾಯಗೊಳಿಸಬೇಕು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ‘ಸಂಸ್ಕಾರ’, ‘ಚೋಮನ ದುಡಿ’, ‘ಫಣಿಯಮ್ಮ’ ಕಾದಂಬರಿಗಳನ್ನು ಪಾಠ ಮಾಡುವಾಗ ಅವುಗಳ ಚಿತ್ರಗಳನ್ನೂ ಪಠ್ಯವೆಂದೇ ಎಣಿಸಿ, ಒಂದು ಪ್ರಶ್ನೆಯನ್ನಾದರೂ ಚಿತ್ರದ ಕಲೆಯ ಮೇಲೆ ಕೇಳಬೇಕು. ಜಿಲ್ಲಾ ಕೇಂದ್ರಗಳ ರಂಗಮಂದಿರಗಳು ತಿಂಗಳಲ್ಲಿ ಒಂದು ಸಂಜೆಯನ್ನು ಇದಕ್ಕೆ ಬಿಟ್ಟುಕೊಟ್ಟರೆ ಬೇರೆ ಕಟ್ಟಡ ಬೇಕಾಗಿಲ್ಲ.

ಸರ್ಕಾರ ಕದಲುವವರೆಗೆ ಓದುಗರು ಕಾಯಬೇಕಾಗಿಲ್ಲ. ಊರಿನ ಗ್ರಂಥಾಲಯ, ಕಾಲೇಜಿನ ಸಾಂಸ್ಕೃತಿಕ ಸಂಘ, ಚಿತ್ರಸಮಾಜ, ಹೊರನಾಡಿನ ಮತ್ತು ಹೊರದೇಶದ ಕನ್ನಡ ಸಂಘ ಇವುಗಳಲ್ಲಿ ಯಾವುದಾದರೂ ಒಂದು, ಮುಂದಿನ ವಾರ್ಷಿಕೋತ್ಸವದಲ್ಲಿ ಹಾಡು ಕುಣಿತಗಳ ಜೊತೆಗೆ ಒಂದು ಹಳೆಯ ಚಿತ್ರಕ್ಕೂ ಜಾಗ ಕೊಡಲಿ. ಆರಂಭಕ್ಕೆ ‘ನಾಂದಿ’ಯೇ ಸೂಕ್ತ. ಅದನ್ನು ಕನ್ನಡ ಉಪಶೀರ್ಷಿಕೆಗಳೊಡನೆ ತೋರಿಸಬೇಕು. ಕಿವಿ ಕೇಳದವರ ಬಾಳನ್ನು ಕುರಿತ ಈ ಚಿತ್ರವನ್ನು ಕಿವಿ ಕೇಳದ ಕನ್ನಡಿಗರು ಪೂರ್ತಿಯಾಗಿ ಅನುಸರಿಸುವಂತಾಗಬೇಕು, ಮತ್ತು ಆ ಊರಿನ ಶ್ರವಣದೋಷವುಳ್ಳ ಮಕ್ಕಳ ಶಾಲೆಗೆ ಮೊದಲ ಆಹ್ವಾನ ಹೋಗಬೇಕು.