ನಕಲು ಅನ್ನುವ ಮುಂಚೆ ಲೆಕ್ಕ ನೋಡಿ

ಬ್ರಿಟನ್ನಿನ ಹಳೆಯ ಕಾಮಿಕ್ಸ್ ‘ಮಾರ್ವೆಲ್‌ಮ್ಯಾನ್’ ಬರೀ ಕಾಪಿ ಎಂದು ಗೆಳೆಯನೊಬ್ಬ ವಾದಿಸಿದ. ಅವನ ಮಾತು ಅರ್ಧ ಮಾತ್ರ ನಿಜ.

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿಗೆ ಡಾಲರಿನ ಕೊರತೆ. ಹಾಗಾಗಿ ಅಮೆರಿಕದ ಕಾಮಿಕ್ಸ್ ಆಮದಿಗೆ ತಡೆಯಿತ್ತು. ಆದರೆ ಹಕ್ಕು ಪಡೆದು ಅಲ್ಲೇ ಅಚ್ಚು ಹಾಕಬಹುದಿತ್ತು. ಲಂಡನ್ನಿನ ಎಲ್. ಮಿಲ್ಲರ್ ಅಂಡ್ ಸನ್, ಫಾಸೆಟ್ ಕಂಪನಿಯ ‘ಕ್ಯಾಪ್ಟನ್ ಮಾರ್ವೆಲ್’ ಕಥೆಗಳನ್ನು ಕಪ್ಪುಬಿಳುಪಿನಲ್ಲಿ ಮರುಮುದ್ರಿಸಿ ಮಾರುತ್ತಿತ್ತು. ಆ ಕ್ಯಾಪ್ಟನ್ ಮಾರ್ವೆಲ್ ಕೂಡ ಸೂಪರ್‌ಮ್ಯಾನ್‌ನ ನಕಲು ಎಂದು ಅಮೆರಿಕದಲ್ಲಿ ವರ್ಷಗಟ್ಟಲೆ ಕೇಸು ನಡೆದಿತ್ತು! 1953ರಲ್ಲಿ ಫಾಸೆಟ್ ರಾಜಿ ಮಾಡಿಕೊಂಡು ಅದನ್ನು ನಿಲ್ಲಿಸಿತು.

ಮಿಲ್ಲರ್ ಬಳಿ ಗಿರಾಕಿಗಳಿದ್ದರು, ಸರಕು ಇರಲಿಲ್ಲ. ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್ ಅನ್ನುತ್ತೇವಲ್ಲ, ಅದೊಂದೇ ಉಳಿದಿತ್ತು. ಮಿಕ್ ಆಂಗ್ಲೋ ಎಂಬ ಚಿತ್ರಕಾರರಿಗೆ ಹೊಸ ನಾಯಕನನ್ನು ಮಾಡಿಕೊಡಲು ಹೇಳಿದರು. 1954ರ ಫೆಬ್ರವರಿಯಲ್ಲಿ ಮಾರ್ವೆಲ್‌ಮ್ಯಾನ್ ಬಂದ. ‘ಶಜಾಮ್’ ಬದಲು ‘ಕಿಮೋಟಾ’ ಎಂಬ ಮಂತ್ರ, ಅಂದರೆ ‘ಅಟಾಮಿಕ್’ ಅನ್ನು ಹಿಂದಿನಿಂದ ಓದಿದ್ದು. ಅಷ್ಟು ಕಾಪಿ ಒಪ್ಪುತ್ತೇನೆ.

ಆದರೆ ಬೇರೆಯವರ ಪುಟಗಳನ್ನೇ ಅಚ್ಚು ಹಾಕುತ್ತಿದ್ದ ಕಂಪನಿ ಈಗ ತನ್ನ ದೇಶದವರ ಕೈಯಲ್ಲೇ ಕಥೆ ಬರೆಸಿತು, ಚಿತ್ರ ಬಿಡಿಸಿತು. ನನ್ನ ಮಟ್ಟಿಗೆ ಇದೇ ದೊಡ್ಡ ವಿಷಯ. ಆ ಕೆಲಸ ಹುಟ್ಟಿದ್ದು ಸರಕು ನಿಂತದ್ದರಿಂದ. 1959ರಲ್ಲಿ ಆಮದು ತಡೆ ಹೋಗಿ ಅಮೆರಿಕದ ಬಣ್ಣದ ಪುಸ್ತಕಗಳು ಅಂಗಡಿಗೆ ಬಂದವು. ಕೊನೆಯ ವರ್ಷಗಳಲ್ಲಿ ಮಾರ್ವೆಲ್‌ಮ್ಯಾನ್ ತನ್ನದೇ ಹಳೆಯ ಕಥೆಗಳನ್ನು ಮರುಮುದ್ರಿಸುತ್ತಾ 1963ರಲ್ಲಿ ನಿಂತಿತು. 1982ರಲ್ಲಿ ಅಲನ್ ಮೂರ್ ಆ ನಾಯಕನನ್ನು ಮತ್ತೆ ಬರೆದರು. 2009ರಲ್ಲಿ ಅಮೆರಿಕದ ಮಾರ್ವೆಲ್ ಕಂಪನಿ ಆಂಗ್ಲೋ ಅವರಿಂದ ಹಕ್ಕು ಖರೀದಿಸಿತು.

ಬರೀ ಕಾಪಿಗೆ ಅವರೇಕೆ ದುಡ್ಡು ಕೊಟ್ಟರು? ನನ್ನ ಗೆಳೆಯ ಇನ್ನೂ ಉತ್ತರ ಹೇಳಿಲ್ಲ.